‘ಕೆ’ ಕಂಡಲ್ಲಿ ಏನೆಂದು ಓದಬೇಕು?

ಬಲ್ಬಿನ ಡಬ್ಬಿಯ ಮೇಲೆ 4000ಕೆ. ಟಿವಿಯ ಮೇಲೆ 4ಕೆ. ಸರ್ಕ್ಯೂಟ್ ನಕ್ಷೆಯಲ್ಲಿ 4ಕೆ7. ಪುಟ್ಟ ಕೆಪ್ಯಾಸಿಟರಿನ ಬೆನ್ನ ಮೇಲೆ 104ಕೆ. ಉಂಗುರದ ಒಳಮೈಯಲ್ಲಿ 22ಕೆ. ಇಂಗ್ಲಿಷಿನ ಅಕ್ಷರ ಒಂದೇ, ಆದರೆ ಒಂದು ಕಡೆಯ ಅರ್ಥ ಇನ್ನೊಂದು ಕಡೆ ನಡೆಯುವುದಿಲ್ಲ.

ನೋಡಬೇಕಾದ ಗುರುತು ಮೂರು: ಅಕ್ಷರ ದೊಡ್ಡದೋ ಚಿಕ್ಕದೋ, ಅಂಕಿ ಅದರ ಯಾವ ಪಕ್ಕದಲ್ಲಿದೆ, ಅದು ಯಾವ ವಸ್ತುವಿನ ಮೇಲಿದೆ. ಈ ಮೂರರಲ್ಲಿ ಕೊನೆಯದನ್ನೇ ಹೆಚ್ಚು ನಂಬಿ. ನಿಯಮದ ಪ್ರಕಾರ ಮೊದಲನೆಯದೇ ಸಾಕಾಗಬೇಕಿತ್ತು, ಆದರೆ ಅದನ್ನು ಪಾಲಿಸುವವರು ಕಡಿಮೆ.

ನಿಯಮ ಇಷ್ಟೇ. ಚಿಕ್ಕ ಕೆ (k) ಅಂದರೆ ಕಿಲೋ, ಅಂದರೆ ಸಾವಿರ. 1795ರಲ್ಲಿ ಫ್ರಾನ್ಸಿನ ಮೆಟ್ರಿಕ್ ಪದ್ಧತಿಯ ಜೊತೆಗೇ ಬಂದದ್ದು. ದೊಡ್ಡ ಕೆ (K) ಅಂದರೆ ಕೆಲ್ವಿನ್, ಉಷ್ಣಾಂಶದ ಮಾನ. ವ್ಯಕ್ತಿಯ ಹೆಸರಿನಿಂದ ಬಂದ ಮಾನಕ್ಕೆ ದೊಡ್ಡಕ್ಷರ ಹಾಕುವುದು ರೂಢಿ. ಇದು ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್‌ನಿಂದ ಬಂದದ್ದು. ಹಾಗಾಗಿ ಕೆಜಿಯನ್ನು ದೊಡ್ಡ ಕೆ ಹಾಕಿ ಬರೆದರೆ ಲೆಕ್ಕಕ್ಕೆ ಅದು ಕೆಲ್ವಿನ್-ಗ್ರಾಂ! ನಮ್ಮ ಲಿಪಿಯಲ್ಲಂತೂ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವೇ ಇಲ್ಲ. ಕೈಪಿಡಿಯನ್ನೋ ಲೇಬಲನ್ನೋ ಕನ್ನಡಕ್ಕೆ ತರುವಾಗ ಬರೀ ‘ಕೆ’ ಎಂದು ಬಿಟ್ಟರೆ ಓದುವವನಿಗೆ ಇದ್ದ ಒಂದು ಸುಳಿವೂ ಹೋಗುತ್ತದೆ. ಕಿಲೋ, ಕೆಲ್ವಿನ್, ಪೊಟ್ಯಾಸಿಯಂ, ಕ್ಯಾರೆಟ್ ಎಂದು ಪೂರ್ತಿ ಬರೆಯಿರಿ.

ಕೆಲ್ವಿನ್: 273 ಯಾವಾಗ ಕೂಡಿಸಬೇಕು

ಸೆಲ್ಸಿಯಸ್‌ಗೆ 273.15 ಕೂಡಿಸಿದರೆ ಕೆಲ್ವಿನ್. 27 ಡಿಗ್ರಿ ಸೆಲ್ಸಿಯಸ್ ಅಂದರೆ 300.15 ಕೆಲ್ವಿನ್. ‘ಡಿಗ್ರಿ ಕೆಲ್ವಿನ್’ ಅನ್ನುವುದು ಹಳೆಯ ರೂಢಿ, ಈಗ ಬರೀ ಕೆಲ್ವಿನ್.

ಎಡವುವುದು ವ್ಯತ್ಯಾಸದ ಲೆಕ್ಕದಲ್ಲಿ. ಉಷ್ಣಾಂಶ 10 ಡಿಗ್ರಿ ಏರಿದರೆ ಅದು 10 ಕೆಲ್ವಿನ್ ಏರಿಕೆಯೇ, 283 ಅಲ್ಲ. ಅಲ್ಯೂಮಿನಿಯಂ ಪ್ರತಿ ಕೆಲ್ವಿನ್‌ಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 23 ಭಾಗದಷ್ಟು ಹಿಗ್ಗುತ್ತದೆ. ಒಂದು ಮೀಟರ್ ಸರಳು 40 ಡಿಗ್ರಿ ಹೆಚ್ಚು ಕಾದರೆ 0.92 ಮಿಲಿಮೀಟರ್ ಉದ್ದವಾಗುತ್ತದೆ. 40ಕ್ಕೆ 273 ಕೂಡಿಸಿಬಿಟ್ಟರೆ ಉತ್ತರ 7.2 ಮಿಲಿಮೀಟರ್, ಹಿಗ್ಗಲೆಂದು ಬಿಟ್ಟ ಸಂದು ಸುಮಾರು ಎಂಟು ಪಟ್ಟು ದೊಡ್ಡದು.

ಅನುಪಾತದ ಲೆಕ್ಕದಲ್ಲಿ ಇದರ ತದ್ವಿರುದ್ಧ. ಮುಚ್ಚಿದ ಪಾತ್ರೆಯ ಗಾಳಿ 27ರಿಂದ 57 ಡಿಗ್ರಿಗೆ ಕಾದರೆ ಒತ್ತಡ 300ರಿಂದ 330ರ ಅನುಪಾತದಲ್ಲಿ, ಶೇ. 10ರಷ್ಟು ಏರುತ್ತದೆ. ಸೆಲ್ಸಿಯಸ್ ಅಂಕಿಯನ್ನೇ ಭಾಗಿಸಿದರೆ ಎರಡು ಪಟ್ಟಾಯಿತೆಂದು ಗಾಬರಿಯಾಗಬೇಕಾಗುತ್ತದೆ. ಕಳೆಯುವ ಲೆಕ್ಕಕ್ಕೆ 273 ಬೇಡ, ಭಾಗಿಸುವ ಲೆಕ್ಕಕ್ಕೆ ಬೇಕೇ ಬೇಕು.

ಬಲ್ಬು ಮತ್ತು ಕ್ಯಾಮೆರಾ

ಬಲ್ಬಿನ ಮೇಲಿನ ಕೆ ಕೂಡ ಕೆಲ್ವಿನ್ನೇ. ಆದರೆ ಅದು ಬಲ್ಬು ಎಷ್ಟು ಬಿಸಿಯಾಗುತ್ತದೆ ಎಂಬುದಲ್ಲ, ಬೆಳಕಿನ ಬಣ್ಣ. 2700ಕೆ ಹಳದಿ, 4000ಕೆ ಸಾದಾ ಬಿಳಿ, 6500ಕೆ ನೀಲಿ ಬೆರೆತ ಬಿಳಿ. ಅಂಕಿ ಏರಿದಷ್ಟೂ ಬಣ್ಣ ‘ತಣ್ಣಗೆ’ ಕಾಣುತ್ತದೆ. ಪ್ರಖರತೆ ಬೇಕಾದರೆ ಲ್ಯೂಮೆನ್ ನೋಡಬೇಕು. 6500ಕೆ ಬಲ್ಬು 2700ಕೆಗಿಂತ ಹೆಚ್ಚು ಬೆಳಕು ಕೊಡುತ್ತದೆ ಎಂದು ಕೊಳ್ಳುವವರು ಬಹಳ. ಲ್ಯೂಮೆನ್ ಒಂದೇ ಇದ್ದರೆ ಬೆಳಕಿನ ಪ್ರಮಾಣವೂ ಒಂದೇ.

ಕೆಲವು ಟ್ಯೂಬ್‌ಗಳ ಮೇಲೆ ಕೆ ಇರುವುದಿಲ್ಲ, 827, 840, 865 ಎಂದಷ್ಟೇ ಇರುತ್ತದೆ. ಕೊನೆಯ ಎರಡು ಅಂಕಿಗೆ ಎರಡು ಸೊನ್ನೆ ಸೇರಿಸಿ: 2700, 4000, 6500. ಮೊದಲ 8, ಬಣ್ಣಗಳನ್ನು ನಿಜವಾಗಿ ತೋರಿಸುವ ಸೂಚ್ಯಂಕ 80ರ ಶ್ರೇಣಿಯಲ್ಲಿದೆ ಎಂಬ ಗುರುತು.

ಕ್ಯಾಮೆರಾದ ವೈಟ್ ಬ್ಯಾಲೆನ್ಸ್‌ನಲ್ಲಿ ಕೆ ಏರಿಸಿದರೆ ಚಿತ್ರ ನೀಲಿಯಾಗುವುದಿಲ್ಲ, ಹಳದಿಯಾಗುತ್ತದೆ. ಅಲ್ಲಿ ನೀವು ಕೊಡುವ ಅಂಕಿ ‘ಇಲ್ಲಿನ ಬೆಳಕು ಇಷ್ಟು’ ಎಂಬ ಮಾಹಿತಿ. 6500 ಎಂದರೆ ಬೆಳಕು ನೀಲಿಯಿದೆ ಎಂದುಕೊಂಡು ಕ್ಯಾಮೆರಾ ಹಳದಿ ಬೆರೆಸುತ್ತದೆ. 3200ಕೆ ದೀಪದಡಿ 3200 ಇಟ್ಟರೆ ಬಿಳಿ ಬಿಳಿಯಾಗಿಯೇ ಬರುತ್ತದೆ.

ಒಂದೇ ಸರ್ಕ್ಯೂಟ್ ಬೋರ್ಡಿನಲ್ಲಿ ನಾಲ್ಕು ಕೆ

ಹೊಸಬರನ್ನು ಕೆ ಹೆಚ್ಚು ಸತಾಯಿಸುವುದು ಇಲ್ಲೇ. ಒಂದೊಂದಾಗಿ ನೋಡಿ.

ಅಂಕಿಗಳ ನಡುವೆ ಅಥವಾ ರೆಸಿಸ್ಟರ್ ಮೌಲ್ಯದ ಕೊನೆಯಲ್ಲಿ: ಕಿಲೋ-ಓಮ್. 47ಕೆ ಅಂದರೆ 47,000 ಓಮ್. 4ಕೆ7 ಅಂದರೆ 4.7 ಕಿಲೋ-ಓಮ್, 4700 ಓಮ್. ಕೆ47 ಅಂದರೆ 0.47 ಕಿಲೋ, 470 ಓಮ್. ದಶಾಂಶ ಬಿಂದು ಇರಬೇಕಾದ ಜಾಗದಲ್ಲಿ ಕೆ ಕೂತಿದೆ. ನಕ್ಷೆಯನ್ನು ಜೆರಾಕ್ಸ್ ಮಾಡುತ್ತಾ ಹೋದರೆ ಬಿಂದು ಅಳಿಸಿ 4.7 ಎಂಬುದು 47 ಆಗುತ್ತದೆ. ಅಕ್ಷರ ಅಷ್ಟು ಸುಲಭವಾಗಿ ಅಳಿಸುವುದಿಲ್ಲ.

ಮೂರು ಅಂಕಿಯ ಕೋಡ್ ಆದಮೇಲೆ: ಸಹನಾಮಿತಿ (ಟಾಲರೆನ್ಸ್), ಪ್ಲಸ್ ಮೈನಸ್ ಶೇ. 10. ಕೆಪ್ಯಾಸಿಟರಿನ 104ಕೆ ಎಂಬುದರಲ್ಲಿ ಕಿಲೋ ಇಲ್ಲವೇ ಇಲ್ಲ. 10ರ ಮುಂದೆ ನಾಲ್ಕು ಸೊನ್ನೆ ಹಾಕಿ: 1,00,000 ಪಿಕೋಫ್ಯಾರಡ್, ಅಂದರೆ 100 ನ್ಯಾನೋಫ್ಯಾರಡ್. ಕೆ ಹೇಳುತ್ತಿರುವುದು, ಅಳೆದರೆ 90ರಿಂದ 110ರ ಒಳಗೆ ಸಿಗುತ್ತದೆ ಎಂದು. ಅದೇ ಜಾಗದಲ್ಲಿ ಜೆ ಇದ್ದರೆ ಶೇ. 5, ಎಂ ಇದ್ದರೆ ಶೇ. 20. ಅತಿಯಾದ ವೋಲ್ಟೇಜಿನಿಂದ ಕಾಪಾಡುವ ವೇರಿಸ್ಟರ್ ಮೇಲಿನ 10ಡಿ471ಕೆಯನ್ನೂ ಹೀಗೇ ಬಿಡಿಸಿ: 10 ಮಿಲಿಮೀಟರ್ ಬಿಲ್ಲೆ, 470 ವೋಲ್ಟ್, ಶೇ. 10. ಎಲ್ಲಾದರೂ 4ಕೆ7ಕೆ ಕಂಡರೆ ಬೆಚ್ಚಬೇಡಿ. ಮೊದಲ ಕೆ ಕಿಲೋ, ಎರಡನೆಯದು ಶೇ. 10.

ಬೋರ್ಡಿನ ಮೇಲೆ ಬಿಡಿ ಭಾಗದ ಪಕ್ಕ ಕೆ1, ಕೆ2 ಎಂದು ಮುದ್ರಿಸಿದ್ದರೆ: ಅದು ರಿಲೇ, ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚು. ಇಲ್ಲಿ ಅಂಕಿ ಅಕ್ಷರದ ನಂತರ ಬರುತ್ತದೆ, ಅದು ಮೌಲ್ಯವಲ್ಲ, ಕ್ರಮಸಂಖ್ಯೆ.

ಡಯೋಡಿನ ಒಂದು ಕಾಲಿನ ಬಳಿ ಒಂಟಿ ಕೆ: ಕ್ಯಾಥೋಡ್, ಕರೆಂಟು ಹೊರಬರುವ ತುದಿ. ಡಯೋಡಿನ ಮೈಮೇಲೆ ಪಟ್ಟಿ ಇರುವ ತುದಿ ಈ ಕಡೆ ಬರಬೇಕು. ಎಲ್‌ಇಡಿಯಾದರೆ ಗಿಡ್ಡ ಕಾಲು, ಅಂಚು ಚಪ್ಪಟೆ ಇರುವ ಬದಿ. ಕಾಲು ಕತ್ತರಿಸಿ ಆಗಿದ್ದರೆ ಚಪ್ಪಟೆ ಅಂಚನ್ನು ಉಗುರಿನಿಂದ ಸವರಿ ನೋಡಿ, ಕಣ್ಣಿಗಿಂತ ಬೇಗ ಸಿಗುತ್ತದೆ.

ಕೆ ಮಾದರಿಯ ಥರ್ಮೋಕಪಲ್

ಥರ್ಮೋಕಪಲ್ ಅಂದರೆ ಉಷ್ಣಾಂಶ ಅಳೆಯುವ ತಂತಿಜೋಡಿ. ಇಲ್ಲಿನ ಕೆ ಕೆಲ್ವಿನ್ನೂ ಅಲ್ಲ, ಕಿಲೋನೂ ಅಲ್ಲ, ಮಾದರಿಯ ಹೆಸರು. ಕ್ರೋಮೆಲ್, ಅಲ್ಯೂಮೆಲ್ ಎಂಬ ಎರಡು ಮಿಶ್ರಲೋಹದ ತಂತಿಗಳ ಜೋಡಿ. ಒಂದು ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್ ಹುಟ್ಟುತ್ತದೆ. ತಣ್ಣನೆಯ ತುದಿ ಸೊನ್ನೆ ಡಿಗ್ರಿಯಲ್ಲಿದ್ದು ಬಿಸಿ ತುದಿ ಕುದಿಯುವ ನೀರಿನಲ್ಲಿದ್ದರೆ 4.096 ಮಿಲಿವೋಲ್ಟ್.

ಕೂಡಿಸುವಾಗ ಬಣ್ಣ ನಂಬಿ ಮೋಸಹೋಗುವುದು ಸಾಮಾನ್ಯ. ಅಮೆರಿಕದ ಪದ್ಧತಿಯಲ್ಲಿ ಹಳದಿ ಪ್ಲಸ್, ಕೆಂಪು ಮೈನಸ್. ಕೆಂಪು ಅಂದರೆ ಪ್ಲಸ್ ಎಂದು ಕೈ ರೂಢಿಯಾದವರು ಉಲ್ಟಾ ಹಾಕುತ್ತಾರೆ. ಅಂತರರಾಷ್ಟ್ರೀಯ ಐಇಸಿ ಪದ್ಧತಿಯಲ್ಲಿ ಹಸಿರು ಪ್ಲಸ್, ಬಿಳಿ ಮೈನಸ್. ಬಣ್ಣದ ಮೇಲೆ ಅನುಮಾನ ಬಂದರೆ ತಂತಿಯ ತುದಿಗೆ ಅಯಸ್ಕಾಂತ ಹಿಡಿಯಿರಿ. ಅಂಟಿದ್ದು ಅಲ್ಯೂಮೆಲ್, ಅದೇ ಮೈನಸ್. ಉಲ್ಟಾ ಕೂಡಿಸಿದ್ದರೆ ತುದಿ ಕಾದಂತೆ ಮೀಟರಿನ ಅಂಕಿ ಇಳಿಯುತ್ತದೆ. ಉದ್ದ ಸಾಲದೆಂದು ಮಧ್ಯೆ ತಾಮ್ರದ ತಂತಿ ಕಟ್ಟಬೇಡಿ. ಕಟ್ಟಿದ ಗಂಟಿಗೂ ಮೀಟರಿಗೂ ಇರುವ ಉಷ್ಣಾಂಶದ ವ್ಯತ್ಯಾಸ ಅಷ್ಟಕ್ಕಷ್ಟೇ ತಪ್ಪಾಗಿ ಸೇರುತ್ತದೆ. ಕೆ ಮಾದರಿಯದೇ ವಿಸ್ತರಣಾ ತಂತಿ ಬೇಕು.

ಫೈಲು, ವೇಗ, ಪರದೆ

ಕಂಪ್ಯೂಟರಿನ ಕೆಬಿ ಒಮ್ಮೆ 1000 ಬೈಟ್, ಒಮ್ಮೆ 1024. ‘50 ಕೆಬಿ ಒಳಗಿರಲಿ’ ಎಂದು ಅರ್ಜಿಯ ಫೋಟೋಗೆ ಮಿತಿ ಹಾಕಿದ್ದರೆ ಅದು 50,000ವೂ ಇರಬಹುದು, 51,200ವೂ ಇರಬಹುದು. ಫೈಲಿನ ಪ್ರಾಪರ್ಟೀಸ್ ತೆರೆದು ಬೈಟ್ ಲೆಕ್ಕ ನೋಡಿ, 50,000ಕ್ಕಿಂತ ಕೆಳಗಿಳಿಸಿ. ಯಾವ ಲೆಕ್ಕ ಹಿಡಿದರೂ ಪಾಸಾಗುತ್ತದೆ. ಕೆಬಿಪಿಎಸ್ ಎಂದು ವೇಗ ಬರೆದಾಗ ‘ಬಿ’ ಚಿಕ್ಕದಿದ್ದರೆ ಬಿಟ್, ಎಂಟರಿಂದ ಭಾಗಿಸಿ. 512 ಇದ್ದರೆ ಸೆಕೆಂಡಿಗೆ 64 ಕಿಲೋಬೈಟ್.

4ಕೆ ಟಿವಿಯ ಕೆ, ಸುತ್ತು ಲೆಕ್ಕದ ಸಾವಿರ. ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕಿ. ಸಿನಿಮಾ ಮಂದಿರದ 4ಕೆಯಲ್ಲಿ ಅಡ್ಡಕ್ಕೆ 4096. ಹಳೆಯ 1080 ಎಂಬ ಹೆಸರು ಮೇಲಿನಿಂದ ಕೆಳಕ್ಕೆ ಎಣಿಸಿದ್ದು, 4ಕೆ ಅಡ್ಡಡ್ಡ ಎಣಿಸಿದ್ದು. ಹಾಗಾಗಿ 1080ಕ್ಕೂ 4000ಕ್ಕೂ ನೇರ ಹೋಲಿಕೆ ಸಲ್ಲದು. ಒಟ್ಟು ಚುಕ್ಕಿಗಳು ಸರಿಯಾಗಿ ನಾಲ್ಕು ಪಟ್ಟು.

ಪೊಟ್ಯಾಸಿಯಂ: ರಕ್ತದಲ್ಲಿ, ಗೊಬ್ಬರದಲ್ಲಿ

ಪೊಟ್ಯಾಸಿಯಂಗೆ ಕೆ ಯಾಕೆ ಎಂದರೆ ಅದರ ಲ್ಯಾಟಿನ್ ಹೆಸರು ಕೇಲಿಯಂ. 1807ರಲ್ಲಿ ಹಂಫ್ರಿ ಡೇವಿ ಪೊಟ್ಯಾಷ್‌ಗೆ ವಿದ್ಯುತ್ ಹಾಯಿಸಿ ಇದನ್ನು ಬೇರ್ಪಡಿಸಿದ.

ರಕ್ತಪರೀಕ್ಷೆಯ ವರದಿಯಲ್ಲಿ ಸೋಡಿಯಂ ಜೊತೆ ಕಾಣುವ ಕೆ ಇದೇ. ದೊಡ್ಡವರಲ್ಲಿ ಸಾಮಾನ್ಯ ಮಟ್ಟ ಲೀಟರಿಗೆ ಸುಮಾರು 3.5ರಿಂದ 5.0 ಮಿಲಿಮೋಲ್, ನಿಮ್ಮ ವರದಿಯಲ್ಲೇ ಮುದ್ರಿಸಿರುವ ಮಿತಿಯನ್ನು ನೋಡಿ. ‘ಹಿಮೋಲೈಸ್ಡ್’ ಎಂದು ಷರಾ ಇದ್ದರೆ ಮಾದರಿಯ ಕೆಂಪು ರಕ್ತಕಣಗಳು ಒಡೆದಿವೆ. ಅವುಗಳೊಳಗಿನ ಪೊಟ್ಯಾಸಿಯಂ ಹೊರಬಂದು ಅಂಕಿ ಸುಳ್ಳಾಗಿ ಏರಿರಬಹುದು. ಹಾಗೆಂದು ನೀವೇ ತಳ್ಳಿಹಾಕಬೇಡಿ. ಪೊಟ್ಯಾಸಿಯಂ ನಿಜಕ್ಕೂ ಹೆಚ್ಚಿದ್ದರೆ ಹೃದಯದ ಬಡಿತಕ್ಕೇ ಅಪಾಯ, ಮತ್ತೆ ಪರೀಕ್ಷಿಸಬೇಕೇ ಎಂದು ವೈದ್ಯರನ್ನು ಅಂದೇ ಕೇಳಿ.

ವಿಟಮಿನ್ ಕೆಗೂ ಇದಕ್ಕೂ ಸಂಬಂಧವಿಲ್ಲ. ಅದು ಹೆಪ್ಪುಗಟ್ಟುವಿಕೆ ಎಂಬ ಅರ್ಥದ ಜರ್ಮನ್ ಪದ ‘ಕೊಯಾಗುಲಾಟ್ಸಿಯೋನ್’ನ ಮೊದಲ ಅಕ್ಷರ. ‘ಕೆ ಇರುವುದು ತಿನ್ನಬೇಡಿ’ ಎಂದು ಯಾರಾದರೂ ಹೇಳಿದರೆ ಯಾವ ಕೆ ಎಂದು ಕೇಳಲೇಬೇಕು. ಮೂತ್ರಪಿಂಡದ ತೊಂದರೆ ಇರುವವರಿಗೆ ಹೇಳುವುದು ಪೊಟ್ಯಾಸಿಯಂ ಬಗ್ಗೆ. ಸೋಡಿಯಂ ಕಡಿಮೆ ಎಂದು ಮಾರುವ ಉಪ್ಪಿನಲ್ಲಿ ಅನೇಕ ವೇಳೆ ಇರುವುದು ಪೊಟ್ಯಾಸಿಯಂ ಕ್ಲೋರೈಡ್, ಅವರು ಅದನ್ನು ಕೇಳದೆ ಬಳಸಬಾರದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನುಂಗುವವರಿಗೆ ಹೇಳುವುದು ವಿಟಮಿನ್ ಬಗ್ಗೆ. ಅವರೂ ಸೊಪ್ಪು ಬಿಟ್ಟುಬಿಡಬೇಕೆಂದಲ್ಲ, ದಿನದಿಂದ ದಿನಕ್ಕೆ ಪ್ರಮಾಣ ಏಕಾಏಕಿ ಏರಿಳಿಯಬಾರದು.

ಗೊಬ್ಬರದ ಚೀಲದ ಮೇಲಿನ ಸಾರಜನಕ-ರಂಜಕ-ಪೊಟ್ಯಾಸಿಯಂ ಅಂಕಿಗಳಲ್ಲಿ ಮೂರನೆಯದು ಕೆ. ಆದರೆ ಬಹುತೇಕ ದೇಶಗಳಲ್ಲಿ ಅದು ಶುದ್ಧ ಪೊಟ್ಯಾಸಿಯಂ ಅಲ್ಲ, ಪೊಟ್ಯಾಸಿಯಂ ಆಕ್ಸೈಡ್ ಲೆಕ್ಕ. ಆಕ್ಸೈಡನ್ನು 0.83ರಿಂದ ಗುಣಿಸಿದರೆ ಪೊಟ್ಯಾಸಿಯಂ. ಪೊಟ್ಯಾಸಿಯಂ ಅನ್ನು 1.2ರಿಂದ ಗುಣಿಸಿದರೆ ಆಕ್ಸೈಡ್. ಹೊಲಕ್ಕೆ 30 ಕಿಲೋ ಶುದ್ಧ ಪೊಟ್ಯಾಸಿಯಂ ಬೇಕು, ಕೈಯಲ್ಲಿರುವುದು 0-0-60 ಪೊಟ್ಯಾಷ್ ಎಂದುಕೊಳ್ಳಿ. 30ನ್ನು 1.2ರಿಂದ ಗುಣಿಸಿ: 36. ಅದನ್ನು 0.60ರಿಂದ ಭಾಗಿಸಿ: 60 ಕಿಲೋ. ಮೊದಲ ಗುಣಾಕಾರ ಮರೆತರೆ 50 ಕಿಲೋ ಹಾಕಿ ಸುಮ್ಮನಾಗುತ್ತೀರಿ, ಆರರಲ್ಲಿ ಒಂದು ಪಾಲು ಖೋತಾ. ಮಣ್ಣು ಪರೀಕ್ಷೆಯ ವರದಿ ಯಾವ ಲೆಕ್ಕದಲ್ಲಿದೆ ಎಂದು ಮೊದಲು ನೋಡಿ. ಅದು ಆಗಲೇ ಆಕ್ಸೈಡ್ ಲೆಕ್ಕದಲ್ಲಿದ್ದರೆ ಗುಣಾಕಾರ ಬೇಡ.

ಚಿನ್ನದ ಮೇಲೆ

ಇಲ್ಲಿ ಕೆ ಅಂದರೆ ಕ್ಯಾರೆಟ್, 24ರಲ್ಲಿ ಎಷ್ಟು ಪಾಲು ಚಿನ್ನ ಎಂಬ ಲೆಕ್ಕ. 22ಕೆ ಅಂದರೆ ಸಾವಿರಕ್ಕೆ 916, 18ಕೆ ಅಂದರೆ 750. ವಜ್ರದ ಕ್ಯಾರೆಟ್ ಬೇರೆ, ಅದು 200 ಮಿಲಿಗ್ರಾಂ ತೂಕ.

ಕೆ ಆದಮೇಲೆ ಬರುವ ಅಕ್ಷರವನ್ನು ಭೂತಗನ್ನಡಿ ಹಿಡಿದಾದರೂ ಓದಿ. 18ಕೆ ಜಿಪಿ ಎಂದಿದ್ದರೆ ಚಿನ್ನದ ಲೇಪ ಮಾತ್ರ. 1/20 14ಕೆ ಜಿಎಫ್ ಎಂದಿದ್ದರೆ ಒಟ್ಟು ತೂಕದ ಇಪ್ಪತ್ತರಲ್ಲಿ ಒಂದು ಪಾಲು 14 ಕ್ಯಾರೆಟ್ ಚಿನ್ನದ ಹೊದಿಕೆ. 10 ಗ್ರಾಂ ಬಳೆಯಲ್ಲಿ ಅರ್ಧ ಗ್ರಾಂ ಹೊದಿಕೆ, ಅದರಲ್ಲಿ ಅಪ್ಪಟ ಚಿನ್ನ 0.29 ಗ್ರಾಂ.

ಮುದ್ರಣದ ಕೆ

ನಾಲ್ಕು ಬಣ್ಣದ ಮುದ್ರಣದಲ್ಲಿ ಕೆ ಕಪ್ಪು. ಉಳಿದ ಮೂರು ಬಣ್ಣಗಳನ್ನು ಹೊಂದಿಸಿಕೊಳ್ಳುವ ಆಧಾರದ ಅಚ್ಚಿಗೆ ‘ಕೀ ಪ್ಲೇಟ್’ ಎನ್ನುತ್ತಿದ್ದರು, ಅಕ್ಷರ ಅಲ್ಲಿಂದ ಬಂತು. ಓದುವ ಅಕ್ಷರಗಳಿಗೆ ಕೆ 100, ಉಳಿದವು ಸೊನ್ನೆ ಇಡಿ. ನಾಲ್ಕೂ ಬಣ್ಣ ಬೆರೆಸಿದ ಕಪ್ಪು ಹಾಕಿದರೆ, ಕಾಗದ ಕೂದಲೆಳೆಯಷ್ಟು ಸರಿದರೂ ಅಕ್ಷರದ ಅಂಚಿನಲ್ಲಿ ಬಣ್ಣ ಇಣುಕುತ್ತದೆ. ಕನ್ನಡದ ಒತ್ತಕ್ಷರಗಳಂತೂ ಸಣ್ಣ ಗಾತ್ರದಲ್ಲಿ ಮುದ್ದೆಯಾಗಿಬಿಡುತ್ತವೆ. ದೊಡ್ಡ ಕಪ್ಪು ಹಿನ್ನೆಲೆಗೆ ಮಾತ್ರ ಕೆ 100ರ ಜೊತೆ ಸಯಾನ್ 60, ಮಜೆಂಟಾ 40, ಹಳದಿ 40 ಬೆರೆಸಬಹುದು. ಒಟ್ಟು 240, ಮುದ್ರಣಾಲಯದ ಶಾಯಿಮಿತಿ ಅದಕ್ಕಿಂತ ಮೇಲಿದೆಯೇ ಎಂದು ಕೇಳಿಕೊಂಡು.

ಉಳಿದ ಕೆಗಳು ಕೆಲಸ ಕೆಡಿಸುವಂಥವಲ್ಲ. 10ಕೆ ಓಟ ಎಂದರೆ ಹತ್ತು ಕಿಲೋಮೀಟರ್, ವಿಡಿಯೋದ ಕೆಳಗಿನ 10ಕೆ ಎಂದರೆ ಹತ್ತು ಸಾವಿರ ವೀಕ್ಷಣೆ. 8,611 ಮೀಟರಿನ ಕೆ2 ಶಿಖರದ ಕೆ, 1856ರ ಸರ್ವೆಯಲ್ಲಿ ಕಾರಕೋರಂ ಶಿಖರಗಳಿಗೆ ಹಾಕಿದ ಗುರುತು. ಚೆಸ್ ದಾಖಲೆಯಲ್ಲಿ ಕೆ ರಾಜ. ಕುದುರೆಯ ಇಂಗ್ಲಿಷ್ ಹೆಸರು ಶುರುವಾಗುವುದೂ ಅದೇ ಅಕ್ಷರದಿಂದ, ಆದರೆ ರಾಜ ಮೊದಲೇ ಹಿಡಿದುಕೊಂಡಿರುವುದರಿಂದ ಕುದುರೆಗೆ ಸಿಕ್ಕಿದ್ದು ಎರಡನೆಯ ಅಕ್ಷರ, ಎನ್.