ದೂರಿನ ರಾಶಿಗೊಂದು ಕಮಾಂಡ್: ಎಐ ಸಹಾಯಕದಿಂದ ಸರಿಯಾದ ಕೆಲಸ ತೆಗೆಯುವುದು ಹೇಗೆ?

ಸೋಮವಾರ ಬೆಳಗಿನ ಸಭೆ. ಬಸ್ ಟಿಕೆಟ್ ಕಾಯ್ದಿರಿಸುವ ಆ್ಯಪ್ ಒಂದರ ಪ್ರಾಡಕ್ಟ್ ಮ್ಯಾನೇಜರ್ (ಆ್ಯಪ್‌ನಲ್ಲಿ ಏನು ಬದಲಾಗಬೇಕೆಂದು ತೀರ್ಮಾನಿಸುವವರು) ಪರದೆಯ ಮೇಲೆ ಅಚ್ಚುಕಟ್ಟಾದ ಪಟ್ಟಿಯೊಂದನ್ನು ತೋರಿಸಿದರು. ಸೀಟು ಆರಿಸುವ ಪುಟವನ್ನು ಬದಲಿಸಬೇಕೆಂದು ಅರ್ಧಕ್ಕೂ ಹೆಚ್ಚು ಗ್ರಾಹಕರು ಕೇಳಿದ್ದಾರೆ ಎಂದು ಅದರಲ್ಲಿ ಬರೆದಿತ್ತು. ‘ಹಾಗೆ ಕೇಳಿದ ಒಬ್ಬರ ಮಾತನ್ನು ಓದಿ’ ಎಂದು ಎಂಜಿನಿಯರ್ ಒಬ್ಬರು ಕೇಳಿದರು. ಇಡೀ ಕಡತ ಹುಡುಕಿದರೂ ಓದಲು ಒಂದು ಸಾಲು ಸಿಗಲಿಲ್ಲ. ದೂರುಗಳ ಕಡತವನ್ನು ಎಐಗೆ ಕೊಟ್ಟು ‘ಸಾರಾಂಶ ಮಾಡು’ ಎಂದಷ್ಟೇ ಹೇಳಿ, ಬಂದದ್ದನ್ನು ಹಾಗೆಯೇ ಸಭೆಗೆ ತಂದಿದ್ದರು. ಆ ಕೋಣೆಯಲ್ಲಿ ನಾನೂ ಇದ್ದೆ. ಆಮೇಲೆ ಇದೇ ತಪ್ಪನ್ನು ಬೇರೆ ಬೇರೆ ತಂಡಗಳಲ್ಲಿ ನೋಡಿ ನೋಡಿ, ಇದನ್ನು ಬರೆಯಲೇಬೇಕು ಎನ್ನಿಸಿತು.

ಕಮಾಂಡ್ ಎಂದರೆ ಒಮ್ಮೆ ಬರೆದಿಟ್ಟು ಪದೇ ಪದೇ ಬಳಸುವ ಸೂಚನೆ, ಅಷ್ಟೇ. ನಾನು ಬಳಸುವುದು ಕ್ಲಾಡ್ ಕೋಡ್, ಅಂದರೆ ನಮ್ಮ ಕಂಪ್ಯೂಟರಿನ ಕಡತಗಳ ಮೇಲೆಯೇ ಕೆಲಸ ಮಾಡುವ ಎಐ ಸಹಾಯಕ; ಕೆಳಗಿನ ಹಂತಗಳು ಅದಕ್ಕೆ ಬರೆದವು. ಚಾಟ್‌ಜಿಪಿಟಿಯಲ್ಲಿ ಪ್ರಾಜೆಕ್ಟ್, ಜೆಮಿನಿಯಲ್ಲಿ ಜೆಮ್ ಎಂಬ ಸೌಲಭ್ಯಗಳೂ ಹೆಚ್ಚುಕಡಿಮೆ ಇದೇ ಕೆಲಸಕ್ಕೆ ಒದಗುತ್ತವೆ.

ಹಂತ 1: ಕೆಲಸ ಆರಿಸಿ. ವಾರವಾರವೂ ಮಾಡುವ, ಮಾಡಿ ಬೇಸರ ಬಂದಿರುವ ಒಂದೇ ಒಂದು ಕೆಲಸ ಸಾಕು. ಗ್ರಾಹಕರ ದೂರುಗಳನ್ನು ವಿಂಗಡಿಸುವುದರಿಂದಲೇ ಶುರು ಮಾಡಿ.

ಹಂತ 2: ಕಡತ ಮಾಡಿ. ಪ್ರಾಜೆಕ್ಟಿನ ಫೋಲ್ಡರ್‌ನಲ್ಲಿ ‘ಡಾಟ್ ಕ್ಲಾಡ್’ (.claude), ಅದರೊಳಗೆ ‘ಕಮಾಂಡ್ಸ್’ (commands) ಎಂಬ ಫೋಲ್ಡರ್, ಅದರೊಳಗೆ ಒಂದು ಮಾರ್ಕ್‌ಡೌನ್ ಕಡತ, ಅಂದರೆ .md ಎಂದು ಕೊನೆಯಾಗುವ ಸರಳ ಪಠ್ಯದ ಕಡತ. ಕಡತದ ಹೆಸರೇ ಕಮಾಂಡಿನ ಹೆಸರು. ‘ದೂರು’ ಎಂಬ ಅರ್ಥದ ಹೆಸರಿಟ್ಟರೆ, ಓರೆಗೆರೆ (/) ಹಾಕಿ ಅದಕ್ಕೆ ಅಂಟಿಸಿ ಆ ಹೆಸರು ಟೈಪ್ ಮಾಡಿದಾಗ ಒಳಗಿನ ಸೂಚನೆಯೆಲ್ಲ ಜಾರಿಗೆ ಬರುತ್ತದೆ. ವಾರವಾರ ಬದಲಾಗುವ ಮಾಹಿತಿ, ಅಂದರೆ ಆ ವಾರದ ದೂರಿನ ಕಡತದ ಹೆಸರು, ಸೂಚನೆಯಲ್ಲಿ ಎಲ್ಲಿ ಬರಬೇಕೋ ಅಲ್ಲಿ ಡಾಲರ್ ಚಿಹ್ನೆ ಹಾಕಿ, ಅದಕ್ಕೆ ಅಂಟಿಸಿ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ‘ಆರ್ಗ್ಯುಮೆಂಟ್ಸ್’ ಎಂದು ($ARGUMENTS) ಬರೆಯಿರಿ. ಕಮಾಂಡಿನ ಹೆಸರಿನ ನಂತರ ನೀವು ಟೈಪ್ ಮಾಡುವ ಕಡತದ ಹೆಸರು ಅಲ್ಲಿ ಬಂದು ಕೂರುತ್ತದೆ. ಹತ್ತು ನಿಮಿಷದ ಕೆಲಸ.

ಹಂತ 3: ದೂರುಗಳನ್ನು ಶುಚಿ ಮಾಡಿ. ಫೋನ್ ನಂಬರಿನ ಕಾಲಂ ಅಳಿಸಿದರೆ ಮುಗಿಯಿತು ಎಂದು ಬಹಳ ಮಂದಿ ತಿಳಿದಿದ್ದಾರೆ. ಮುಗಿಯುವುದಿಲ್ಲ. ‘ದಯವಿಟ್ಟು ಈ ನಂಬರಿಗೆ ಕರೆ ಮಾಡಿ’ ಎಂದು ಜನ ದೂರಿನ ಒಳಗೇ ಬರೆದಿರುತ್ತಾರೆ. ಯುಪಿಐ ವಿಳಾಸದಲ್ಲಿಯೂ ಎಷ್ಟೋ ಸಲ ಮೊಬೈಲ್ ಸಂಖ್ಯೆಯೇ ಕುಳಿತಿರುತ್ತದೆ. ಹತ್ತು ಅಂಕಿಯ ಸಂಖ್ಯೆಗಳನ್ನೂ ಹನ್ನೆರಡು ಅಂಕಿಯವನ್ನೂ ಹುಡುಕಿ ಅಳಿಸಿ. ಹನ್ನೆರಡರವು ಯುಪಿಐ ವಹಿವಾಟಿನ ಸಂಖ್ಯೆಯಾಗಿರಬಹುದು, ಆಧಾರ್ ಕೂಡ ಆಗಿರಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇರುವುದರಿಂದ ಮಾತ್ರ ಈ ಮಾತು ಹೇಳುತ್ತಿಲ್ಲ. ನಮ್ಮನ್ನು ನಂಬಿ ಬರೆದವರ ನಂಬರನ್ನು ಹೊರಗೆ ಕಳಿಸುವ ಹಕ್ಕು ನಮಗಿಲ್ಲ. ಕಚೇರಿ ಒಪ್ಪಿದ ಖಾತೆಯಲ್ಲಿಯೇ ಕೆಲಸ ಮಾಡಿ, ಸ್ವಂತ ಉಚಿತ ಖಾತೆಯಲ್ಲಿ ಬೇಡ.

ಕೊನೆಗೆ ಪ್ರತಿ ಸಾಲಿಗೂ ಒಂದು ಕ್ರಮಸಂಖ್ಯೆ ಕೊಡಿ. ಮುಂದಿನದೆಲ್ಲ ನಿಂತಿರುವುದು ಇದರ ಮೇಲೆ.

ಹಂತ 4: ಸೂಚನೆ ಬರೆಯಿರಿ. ಜನ ಎಡವುವುದು ಇಲ್ಲಿಯೇ. ನನ್ನ ಕಡತದ ಮುಖ್ಯ ಭಾಗ ಹೀಗಿದೆ:

‘ಈ ಕಡತದ ಪ್ರತಿ ಸಾಲನ್ನೂ ಓದಿ, ಕೆಳಗಿನ ಒಂಬತ್ತು ಸಮಸ್ಯೆಗಳಲ್ಲಿ ಒಂದನ್ನು ಅದರ ಎದುರು ಬರೆ. ಯಾವುದಕ್ಕೂ ಹೊಂದದಿದ್ದರೆ “ಗೊತ್ತಾಗಲಿಲ್ಲ” ಎಂದು ಬರೆ. ಪ್ರತಿ ಸಮಸ್ಯೆಯ ಕೆಳಗೆ ಸಾಲಿನ ಸಂಖ್ಯೆಗಳನ್ನೂ ಗ್ರಾಹಕರ ಮೂರು ಮೂಲ ಮಾತುಗಳನ್ನೂ ಕೊಡು. ಮಾತನ್ನು ತಿದ್ದಬೇಡ, ಅನುವಾದಿಸಬೇಡ. ಎಷ್ಟು ದೂರು ಎಂದು ಅಂದಾಜು ಮಾಡಬೇಡ; ಸ್ಕ್ರಿಪ್ಟ್ ಬರೆದು ಎಣಿಸು. ಪರಿಹಾರ ಸೂಚಿಸಬೇಡ.’

ಒಂದೊಂದು ವಾಕ್ಯವೂ ಒಂದೊಂದು ಪೆಟ್ಟು ತಿಂದ ಮೇಲೆ ಸೇರಿದ್ದು.

ಸಮಸ್ಯೆಗಳ ಪಟ್ಟಿಯನ್ನು ನೀವೇ ಕೊಡಬೇಕು. ಯಂತ್ರಕ್ಕೆ ಬಿಟ್ಟರೆ ಈ ವಾರ ‘ಹಣ ಪಾವತಿ’, ಮುಂದಿನ ವಾರ ‘ವಹಿವಾಟಿನ ತೊಡಕು’ ಎಂದು ಹೆಸರು ಬದಲಿಸುತ್ತದೆ. ಎರಡು ವಾರಗಳನ್ನು ಹೋಲಿಸಲು ಬರುವುದಿಲ್ಲ. ಈ ಪಟ್ಟಿ ಮಾಡಲು ಕಡೇಪಕ್ಷ ನೂರು ದೂರುಗಳನ್ನು ನೀವೇ ಕೂತು ಓದಿ. ಇದಕ್ಕೆ ಅಡ್ಡದಾರಿ ಇಲ್ಲ. ಪ್ರಾಡಕ್ಟ್ ಮ್ಯಾನೇಜರ್ ವೃತ್ತಿಯ ಮೂಲವೆಂದು ಹೇಳಲಾಗುವ, 1931ರಲ್ಲಿ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿಯ ನೀಲ್ ಮೆಕೆಲ್‌ರಾಯ್ ಬರೆದ ಟಿಪ್ಪಣಿಯಲ್ಲಿಯೂ, ಹೊರಗೆ ಹೋಗಿ ವ್ಯಾಪಾರಿಗಳನ್ನೂ ಬಳಕೆದಾರರನ್ನೂ ಖುದ್ದಾಗಿ ಕಂಡು ತಿಳಿಯುವ ಕೆಲಸ ಸೇರಿತ್ತು. ಆ ಭಾಗವನ್ನು ಯಂತ್ರಕ್ಕೆ ಒಪ್ಪಿಸಿದರೆ ನಮಗೆ ಉಳಿಯುವುದೇನು?

‘ಗೊತ್ತಾಗಲಿಲ್ಲ’ ಎಂಬ ಬಾಗಿಲನ್ನು ತೆರೆದಿಡಿ. ಅದಿಲ್ಲದಿದ್ದರೆ ಒಂಬತ್ತು ಡಬ್ಬಿಗಳಲ್ಲಿ ಯಾವುದರೊಳಗಾದರೂ ತುರುಕಿ ಕೈತೊಳೆದುಕೊಳ್ಳುತ್ತದೆ. ನಾನು ಪ್ರತಿ ವಾರ ಮೊದಲು ಓದುವುದು ಈ ಡಬ್ಬಿಯನ್ನೇ. ಹೊಸ ತೊಂದರೆ ಮೊದಲು ಕಾಣಿಸಿಕೊಳ್ಳುವುದು ಇಲ್ಲಿ.

ಮೂಲ ಮಾತನ್ನು ಅನುವಾದಿಸಬೇಡ ಎಂಬುದಕ್ಕೆ ನಮ್ಮಲ್ಲಿ ವಿಶೇಷ ಕಾರಣವಿದೆ. ಕನ್ನಡಿಗರು ಎಷ್ಟೋ ದೂರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದೇ ಹೇಳುತ್ತಾರೆ. ‘ದುಡ್ಡು ಕಟ್ಟಿದೆ’ ಎಂದರೆ ತಾವೇ ಪಾವತಿ ಮಾಡಿದೆ ಎಂದು. ‘ದುಡ್ಡು ಕಟ್ ಆಗಿದೆ’ ಎಂದರೆ ಬ್ಯಾಂಕ್ ಖಾತೆಯಿಂದ ಹಣ ಹೋಗಿದೆ ಎಂದು. ಇಂಗ್ಲಿಷ್ ಅಕ್ಷರಗಳಲ್ಲಿ ಇವೆರಡೂ ಅಕ್ಕತಂಗಿಯರಂತೆ ಕಾಣುತ್ತವೆ. ಒಂದರ ದೂರು ಟಿಕೆಟ್ ಬಂದಿಲ್ಲ ಎಂದಿರಬಹುದು, ಇನ್ನೊಂದರದು ಮರುಪಾವತಿ. ‘ಆ್ಯಪ್ ಪರವಾಗಿಲ್ಲ’ ಎಂಬ ಮೆಚ್ಚುಗೆಯನ್ನು, ಕೊನೆಯ ‘ಇಲ್ಲ’ ನೋಡಿ ದೂರಿನ ಪಟ್ಟಿಗೆ ಸೇರಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ಮೂಲ ಮಾತು ಕೈಯಲ್ಲಿದ್ದರೆ ಇಂಥ ತಪ್ಪು ಒಂದೇ ನೋಟಕ್ಕೆ ಸಿಗುತ್ತದೆ. ನನ್ನ ಕಮಾಂಡಿನಲ್ಲಿ ಇಂಥ ಇಪ್ಪತ್ತು ಮಾತುಗಳ ಪುಟ್ಟ ನಿಘಂಟು ಇದೆ. ನಿಮ್ಮದೂ ಒಂದಿರಲಿ.

ಎಣಿಕೆಯ ವಿಷಯ. ಭಾಷಾ ಮಾದರಿಗಳು ಮುಂದಿನ ಪದವನ್ನು ಊಹಿಸುವ ಯಂತ್ರಗಳು. ಮುನ್ನೂರು ಸಾಲುಗಳನ್ನು ಮನಸ್ಸಿನಲ್ಲಿ ಎಣಿಸು ಎಂದರೆ ಎಣಿಸಿದಂತೆ ಕಾಣುವ ಸಂಖ್ಯೆಯೊಂದನ್ನು ಕೊಡುತ್ತವೆ. ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ ಬರೆಸಿದರೆ ಎಣಿಸುವುದು ಕಂಪ್ಯೂಟರ್. ಅದು ಆಗದಿದ್ದರೆ ಸಾಲಿನ ಸಂಖ್ಯೆಗಳನ್ನು ಎಕ್ಸೆಲ್‌ಗೆ ಹಾಕಿ ನೀವೇ ಎಣಿಸಿ. ಕಡತ ಉದ್ದವಿದ್ದರೆ ಇನ್ನೂರು ಸಾಲುಗಳಂತೆ ತುಂಡು ಮಾಡಿ ಕೊಡಿ. ಉದ್ದ ಕಡತದ ಆದಿ ಅಂತ್ಯಗಳಿಗೆ ಸಿಗುವ ಗಮನ ನಡುಭಾಗಕ್ಕೆ ಎಷ್ಟೋ ಸಲ ಸಿಗುವುದಿಲ್ಲ.

ಪರಿಹಾರ ಸೂಚಿಸಬೇಡ ಎಂದದ್ದು ಏಕೆಂದರೆ, ಸೂಚಿಸಿದ ಕೂಡಲೇ ತಂಡ ಅದನ್ನೇ ಹಿಡಿದುಕೊಳ್ಳುತ್ತದೆ. ದೂರನ್ನು ಓದುವವರು ಯಾರೂ ಇರುವುದಿಲ್ಲ. ಆದ್ಯತೆಯ ಅಂಕ ಹಾಕುವುದನ್ನೂ ಇದಕ್ಕೆ ಕೊಡಬೇಡಿ. ‘ರೈಸ್’ ಸೂತ್ರದ ವ್ಯಾಪ್ತಿ, ಪರಿಣಾಮ, ಭರವಸೆ, ಶ್ರಮ ಎಂಬ ನಾಲ್ಕು ಅಂಕಗಳನ್ನು ಕೇಳಿದರೆ ನಾಲ್ಕನ್ನೂ ಸಲೀಸಾಗಿ ತುಂಬುತ್ತದೆ. ನಿಮ್ಮ ಎಂಜಿನಿಯರ್‌ಗಳ ಶ್ರಮ ಎಷ್ಟೆಂದು ಅದಕ್ಕೆ ಹೇಳಿದವರು ಯಾರು?

‘ನೀನು ಇಪ್ಪತ್ತು ವರ್ಷ ಅನುಭವವಿರುವ ಪ್ರಾಡಕ್ಟ್ ಮ್ಯಾನೇಜರ್’ ಎಂದು ಶುರು ಮಾಡುವ ಸೂಚನೆಗಳನ್ನು ಬಿಟ್ಟುಬಿಡಿ. ಅದರಿಂದ ಧಾಟಿ ಗತ್ತಿನದಾಗುತ್ತದೆ, ಕೆಲಸ ಸುಧಾರಿಸಿದ್ದನ್ನು ನಾನು ಕಂಡಿಲ್ಲ. ಐನೂರು ಸಿದ್ಧ ಸೂಚನೆಗಳು ಎಂದು ಮಾರುವ ಪಿಡಿಎಫ್‌ಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅವುಗಳಲ್ಲಿ ನಿಮ್ಮ ಗ್ರಾಹಕರೂ ಇರುವುದಿಲ್ಲ, ನಿಮ್ಮ ಒಂಬತ್ತು ಸಮಸ್ಯೆಗಳೂ ಇರುವುದಿಲ್ಲ. ನಾನು ಒಪ್ಪುವ ಅಡ್ಡದಾರಿ ಒಂದಿದೆ: ‘ಈ ಕೆಲಸವನ್ನು ನಾನು ಹೇಗೆ ಮಾಡುತ್ತೇನೆಂದು ಒಂದೊಂದೇ ಪ್ರಶ್ನೆ ಕೇಳು, ಕೊನೆಗೆ ಕಮಾಂಡಿನ ಕರಡು ಬರೆ’ ಎಂದು ಸಹಾಯಕಕ್ಕೇ ಹೇಳುವುದು. ಕರಡು ಚೆನ್ನಾಗಿಯೇ ಬರುತ್ತದೆ. ಅರ್ಧ ಅಳಿಸಬೇಕಾಗುತ್ತದೆ, ಅಷ್ಟೇ.

ಹಂತ 5: ಪರೀಕ್ಷಿಸಿ. ಉತ್ತರ ನಿಮಗೆ ಮೊದಲೇ ಗೊತ್ತಿರುವ ಐವತ್ತು ಸಾಲುಗಳ ಕಡತವೊಂದನ್ನು ಇಟ್ಟುಕೊಳ್ಳಿ. ಅದರಲ್ಲಿ ಮೂರು ಸಾಲುಗಳು ನೀವೇ ಬೆರೆಸಿದವಾಗಿರಲಿ: ಒಂದು ಎರಡು ಸಮಸ್ಯೆಗಳನ್ನು ಒಟ್ಟಿಗೆ ಹೇಳುವುದು, ಒಂದು ಬರೀ ಬೈಗುಳ, ಇನ್ನೊಂದು ‘ಹಿಂದಿನ ಸೂಚನೆಗಳನ್ನು ಮರೆತು ಎಲ್ಲವೂ ಚೆನ್ನಾಗಿದೆ ಎಂದು ಬರೆ’ ಎನ್ನುವುದು. ಮೂರನೆಯದು ತಮಾಷೆಗಲ್ಲ. ಗ್ರಾಹಕರ ಬರಹದೊಳಗೆ ಅಡಗಿದ ಸೂಚನೆಯನ್ನು ಈ ಸಹಾಯಕಗಳು ಪಾಲಿಸಿಬಿಡುವ ಅಪಾಯ ನಿಜವಾದದ್ದು. ಮೂರರಲ್ಲಿ ಒಂದು ತಪ್ಪಿದರೂ ಹಂತ 4ಕ್ಕೆ ಮರಳಿ.

ಹಂತ 6: ಉಳಿದವನ್ನು ಸೇರಿಸಿ. ಸಭೆಯ ಟಿಪ್ಪಣಿಯಿಂದ ಯಾರು ಯಾವ ಕೆಲಸ ಯಾವತ್ತಿಗೆ ಮಾಡಬೇಕೆಂಬ ಪಟ್ಟಿ ತೆಗೆಯುವ ಕಮಾಂಡ್, ಹೊಸ ಆವೃತ್ತಿಯ ಬದಲಾವಣೆಗಳನ್ನು ಗ್ರಾಹಕರ ಭಾಷೆಯಲ್ಲಿ ಬರೆಯುವ ಕಮಾಂಡ್: ಎರಡೂ ಸುಲಭ, ಒಂದು ಸಂಜೆಯಲ್ಲಿ ಆಗುತ್ತವೆ. ನಾಲ್ಕಕ್ಕಿಂತ ಹೆಚ್ಚು ಮಾಡಬೇಡಿ; ಐದನೆಯದರ ಹೆಸರು ಯಾರಿಗೂ ನೆನಪಿರುವುದಿಲ್ಲ.

ಹಂತ 7: ಹಂಚಿಕೊಳ್ಳಿ. ಕಡತಗಳನ್ನು ತಂಡದ ಗಿಟ್ ಸಂಗ್ರಹದಲ್ಲಿಡಿ. ಯಾರು ಏನು ಬದಲಿಸಿದರು, ಏಕೆ ಬದಲಿಸಿದರು ಎಂಬುದು ಅಲ್ಲಿ ಉಳಿಯುತ್ತದೆ. ಕಂಪನಿಗಳು ಎಐ ಮಾದರಿಯನ್ನು ಬದಲಿಸಿದಾಗ ನಿಮ್ಮ ಕಮಾಂಡಿನ ಒಂದಕ್ಷರ ಬದಲಾಗದಿದ್ದರೂ ಉತ್ತರ ಬದಲಾಗಬಹುದು. ಹೊಸ ಮಾದರಿ ಬಂದ ದಿನ ಐವತ್ತು ಸಾಲಿನ ಆ ಪರೀಕ್ಷಾ ಕಡತವನ್ನು ಮತ್ತೆ ಓಡಿಸಿ, ಮೂರು ಸಾಲುಗಳನ್ನು ನೋಡಿ, ಆಮೇಲೆ ಆ ವಾರದ ದೂರುಗಳನ್ನು ಕೊಡಿ.