ಎಸ್‌ಎನ್‌ಎಲ್ 25ನೇ ವರ್ಷದ ಡಿವಿಡಿ: ಕೊಳ್ಳೋದು, ನೋಡೋದು ಹೇಗೆ?

ಅಮೆರಿಕದ ಟಿವಿ ಕಾಮಿಡಿ ಶೋ 'ಸ್ಯಾಟರ್ಡೇ ನೈಟ್ ಲೈವ್' (ಎಸ್‌ಎನ್‌ಎಲ್) ಶುರುವಾಗಿದ್ದು 1975ರಲ್ಲಿ. 25ನೇ ವರ್ಷದ ಸ್ಪೆಷಲ್ 1999ರ ಸೆಪ್ಟೆಂಬರ್ 26ರಂದು ಎನ್‌ಬಿಸಿ ಚಾನೆಲ್‌ನಲ್ಲಿ ಬಂತು, ಆಮೇಲೆ ಡಿವಿಡಿಯೂ ಆಯಿತು.

ಹಳೇ ಡಿಸ್ಕ್ ಕೊಳ್ಳುವ ಮುಂಚೆ ಕವರ್‌ನ ಹಿಂಬದಿ ರೀಜನ್ ನಂಬರ್ ನೋಡಿ, ಅಂದ್ರೆ ಡಿಸ್ಕ್ ಯಾವ ಭಾಗದ ದೇಶಗಳ ಪ್ಲೇಯರ್‌ಗೆ ಅಂತ ಹೇಳುವ ಕೋಡ್. ರೀಜನ್ 1 ಅಂತಿದ್ದರೆ ಅದು ಅಮೆರಿಕದ್ದು, ಭಾರತ ಇರೋದು ರೀಜನ್ 5ರಲ್ಲಿ, ಹಾಗಾಗಿ ಇಲ್ಲಿನ ಪ್ಲೇಯರ್‌ಗೆ ಸುಮ್ನೆ ಹಾಕಿದರೆ ಓಡದೇ ಇರಬಹುದು. ಕಂಪ್ಯೂಟರ್ ಡ್ರೈವ್‌ನಲ್ಲಿ ರೀಜನ್ ಬದಲಿಸಬಹುದು, ಆದರೆ ಸಾಮಾನ್ಯವಾಗಿ 5 ಸಲ ಮಾತ್ರ. ಆಮೇಲೆ ಲಾಕ್! ಎಲ್ಲಾ ರೀಜನ್ ಓದುವ ಪ್ಲೇಯರ್ ಸಿಕ್ಕರೆ ತಲೆನೋವಿಲ್ಲ.

ಡಿವಿಡಿ ಹಾಕುವ ಮೊದಲು ಗಾಯಕ ಎಲ್ವಿಸ್ ಕಾಸ್ಟೆಲೋ ಇದೇ ಶೋನಲ್ಲಿ ಹಾಡಿದ 1977ರ ಕ್ಲಿಪ್ ಹುಡುಕಿ ನೋಡಿ. ಶುರು ಮಾಡಿದ ಹಾಡನ್ನು ಅರ್ಧಕ್ಕೇ ನಿಲ್ಲಿಸಿ ಬೇರೆಯದನ್ನು ಹಾಡಿದ್ದರು. 25ನೇ ವರ್ಷದ ಸ್ಪೆಷಲ್‌ನಲ್ಲಿ ಬೀಸ್ಟಿ ಬಾಯ್ಸ್ ಬ್ಯಾಂಡ್ ಹಾಡುತ್ತಿದ್ದಾಗ ಕಾಸ್ಟೆಲೋ ನುಗ್ಗಿ ಅದನ್ನೇ ಮತ್ತೆ ಮಾಡಿದರು. ಹಿಂದಿನದು ಗೊತ್ತಿಲ್ಲದಿದ್ದರೆ ಆ ಜೋಕ್ ಅರ್ಥವೇ ಆಗಲ್ಲ ಅಲ್ವಾ?