ರಾತ್ರಿ ಹಲ್ಲುಜ್ಜಿಸುವ ಹೊತ್ತು ಬದಲಿಸಿ ನೋಡಿ
ಬೆಳಗಿನ ಗಡಿಬಿಡಿಯಲ್ಲಿ ಅರೆಬರೆ ಆದರೂ ಸರಿ, ರಾತ್ರಿ ಮಕ್ಕಳ ಹಲ್ಲುಜ್ಜಿಸುವುದನ್ನು ಬಿಡಬೇಡಿ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ, ಹಲ್ಲಿಗಂಟಿದ ಸಿಹಿ ತೊಳೆದುಹೋಗದೆ ಹುಳುಕು ಹಿಡಿಯುತ್ತದೆ. ಮಲಗುವ ಹೊತ್ತಿಗೆ ತೂಕಡಿಕೆ, ಜೊತೆಗೆ ಹಟ. ಹಾಗಾಗಿ ಊಟವಾದ ಅರ್ಧ ಗಂಟೆಗೇ ಮುಗಿಸಿಬಿಡಿ. ಹಾಲು ಕೊಡುವುದಿದ್ದರೆ ಉಜ್ಜುವ ಮೊದಲೇ ಕೊಡಿ, ಆಮೇಲೆ ಬರೀ ನೀರು.

ಫ್ಲೋರೈಡ್ (ಹುಳುಕು ತಡೆಯುವ ಖನಿಜ) ಇರುವ ಪೇಸ್ಟ್ 3 ವರ್ಷದೊಳಗೆ ಅಕ್ಕಿಕಾಳಿನಷ್ಟು, 3ರಿಂದ 6ಕ್ಕೆ ಬಟಾಣಿಯಷ್ಟು ಸಾಕು. ಜಾಹೀರಾತಿನಂತೆ ಬ್ರಶ್ ಉದ್ದಕ್ಕೂ ಹಿಂಡಬೇಕಿಲ್ಲ. (ಕೋಲಾರ, ಚಿಕ್ಕಬಳ್ಳಾಪುರದ ಕಡೆ ಫ್ಲೋರೈಡ್ ಹೆಚ್ಚಿರುವ ಬೋರ್‌ವೆಲ್ ನೀರು ಕುಡಿಯುವವರು ದಂತವೈದ್ಯರನ್ನು ಕೇಳಿಯೇ ಪೇಸ್ಟ್ ಆರಿಸಿ.) 2 ನಿಮಿಷ ಉಜ್ಜಿ, ಉಗಿಸಿದರೆ ಸಾಕು; ಬಾಯಿ ತುಂಬ ನೀರು ಹಾಕಿ ಮುಕ್ಕಳಿಸಿದರೆ ಪೇಸ್ಟಿನ ಗುಣವೂ ಹೋಗುತ್ತದೆ. 7–8 ವರ್ಷದವರೆಗೆ ಮಗು ಉಜ್ಜಿದ ಮೇಲೆ ನೀವೂ ಒಮ್ಮೆ ಉಜ್ಜಿ: ಹಿಂದಿನ ದವಡೆಹಲ್ಲು ಅವರ ಕೈಗೆ ಸರಿಯಾಗಿ ಸಿಗುವುದಿಲ್ಲ.